ಹೌಸ್ ಹಾಡಿನೊಳಗಿನ ದನಿ

ಪ್ರೀತಿಯ ಸೊಸೆಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ನೀನು ಇಲ್ಲಿ ಬಿಟ್ಟುಹೋದ ಪುಸ್ತಕ, ಡಿಜೆಗಳ ಚರಿತ್ರೆ, ಓದುತ್ತಿದ್ದೇನೆ. ಡಿಸ್ಕೊ, ಡಬ್, ಹೌಸ್ ಎಂದು ಒಂದೊಂದು ಬಗೆಯ ಸಂಗೀತದ ಹೊಸ ಹೆಸರು ಬಂದಾಗಲೆಲ್ಲ ಫೋನಿನಲ್ಲಿ ಹುಡುಕಿ ಕೇಳುತ್ತೇನೆ. ಇವತ್ತು ಒಂದು ಹೌಸ್ ಹಾಡಿನಲ್ಲಿ, ಕುಣಿತದ ಡಬಡಬ ಸದ್ದಿನ ನಡುವೆ, ಯಾವುದೋ ಹಳೆಯ ಹಾಡಿನ ಆಲಾಪ ಕತ್ತರಿಸಿ ಸೇರಿಸಿದ್ದರು. ಅದು ನನ್ನ ದನಿ ಕಣೇ! ಕೊನೆಗೆ ಉಸಿರು ಸಾಲದೆ ಸ್ವರ ಅಲುಗಿದ್ದೂ ಹಾಗೇ ಇದೆ. ಮದುವೆಗೆ ಮುಂಚೆ ನಾನು ಸ್ಟುಡಿಯೋದಲ್ಲಿ ಕೋರಸ್ ಹಾಡುತ್ತಿದ್ದೆ; ಆ ಆಲಾಪವನ್ನು ಮಾತ್ರ ನನ್ನೊಬ್ಬಳಿಂದಲೇ ಹಾಡಿಸಿದ್ದರು. ಈ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಒಳಗಿನಿಂದ ನಿನ್ನ ಮಾವ, “ಯಾರೇ ಅದು? ಎಷ್ಟು ಚೆನ್ನಾಗಿ ಹಾಡ್ತಾಳೆ!” ಎಂದರು. ನಾನು ಹಾಡು ನಿಲ್ಲಿಸಿ ಈ ಕಾಗದ ಬರೆಯಲು ಕೂತೆ.

ಭಾನುವಾರ ನಿನ್ನ ದೊಡ್ಡ ಸ್ಪೀಕರ್ ತಂದು ಅದನ್ನೇ ಹಾಕು. ಅವರಿಗೆ ನಾನೇ ಹೇಳುತ್ತೇನೆ. ಹೇಳುವಾಗ ನೀನು ಪಕ್ಕದಲ್ಲೇ ಕೂತಿರು.

ನಿನ್ನ ಅತ್ತೆ