ಎಂಬತ್ತೆರಡು ಮತ್ತು ಹದಿನೆಂಟು

ಆಸ್ಪತ್ರೆಯ ರಿಪೇರಿ ಕೋಣೆ
ಗುರುವಾರ, ಮಧ್ಯಾಹ್ನ

ಅಕ್ಕಾ,

‘ಪ್ರೀತಿಯ’ ಎಂದು ಶುರು ಮಾಡಿ ಎರಡು ಹಾಳೆ ಹರಿದು ಹಾಕಿದೆ. ಇದು ಮೂರನೆಯದು, ಬರೀ ಅಕ್ಕಾ ಎಂದಷ್ಟೇ ಇರಲಿ. ನಾನು ಕ್ಷೇಮ ಎಂದು ಸುಳ್ಳು ಬರೆಯುವುದಿಲ್ಲ. ನೀನು ಕ್ಷೇಮವಾಗಿರುವುದು ನಿನ್ನ ಕಾಲೇಜಿನ ಪತ್ರಿಕೆ ನೋಡಿ ತಿಳಿಯಿತು.

ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟವರು ಮಕ್ಕಳ ವಾರ್ಡಿನ ಹಿರಿಯ ನರ್ಸ್. ‘ನಿಮ್ಮಕ್ಕ ಕಂಡುಹಿಡಿದಿದ್ದಾರಂತಲ್ಲೇ, ಹಸುಗೂಸಿನ ಎದೆಬಡಿತ ಜೋರಾಗಿ ಕೇಳಿಸೋ ಯಂತ್ರ! ಇನ್ನೆರಡು ವಾರ ಕಳೆದ ಸೋಮವಾರದಿಂದ ನಮ್ಮ ವಾರ್ಡಿಗೇ ಬರುತ್ತಂತೆ’ ಎಂದು ಹಿಗ್ಗಿ ಹೋದರು. ಪುಟ ತಿರುಗಿಸುವವರೆಗೆ ನಾನೂ ಹಿಗ್ಗಿದ್ದೆ.

ಮೇಲೆ ನಿನ್ನ ಫೋಟೋ, ಕೆಳಗೆ ಸರ್ಕ್ಯೂಟಿನ ಚಿತ್ರ. ಸದ್ದು ಹೆಚ್ಚಿಸುವ ಆಪ್-ಆಂಪ್ ಚಿಪ್ಪಿನ ತಲೆಯ ಮೇಲೆ ಎರಡು ರೆಸಿಸ್ಟರ್, ಒಂದರ ಹಿಂದೆ ಒಂದು: ಎಂಬತ್ತೆರಡು ಕಿಲೋಓಮ್, ಹದಿನೆಂಟು ಕಿಲೋಓಮ್. ಬುದ್ಧಿ ನೆಟ್ಟಗಿರುವ ಯಾರೂ ಹಾಗೆ ಬರೆಯುವುದಿಲ್ಲ, ನೂರರದ್ದು ಒಂದೇ ಹಾಕುತ್ತಾರೆ. ಹೋದ ವರ್ಷ ನಿನ್ನ ಅಡುಗೆಮನೆಯ ಮೇಜಿನ ಮೇಲೆ ನಾನು ಈ ಸರ್ಕ್ಯೂಟ್ ಬೆಸೆದ ದಿನ ಅಂಗಡಿಯಲ್ಲಿ ನೂರರದ್ದು ಮುಗಿದಿತ್ತು, ನೆನಪಿದೆಯಾ? ಮೈಕಿನ ಹತ್ತು ಮಿಲಿವೋಲ್ಟ್ ಒಂದು ವೋಲ್ಟ್ ಆಗಬೇಕು, ಅಂದರೆ ನೂರು ಪಟ್ಟು. ಒಳಬರುವ ದಾರಿಗೆ ಒಂದು ಕಿಲೋ, ವಾಪಸ್ ಬರುವ ದಾರಿಗೆ ನೂರು ಕಿಲೋ ಬೇಕಿತ್ತು. ಡಬ್ಬಿ ತಡಕಾಡಿ ಎರಡನ್ನು ಜೋಡಿಸಿದೆ. ನೀನು ಪಾತ್ರೆ ತೊಳೆಯುತ್ತಲೇ ‘ಭಲೇ ಕಿಲಾಡಿ ಕಣೇ ನೀನು’ ಎಂದು ನಕ್ಕೆ. ಚಿತ್ರ ಬರೆದಿದ್ದ ನೋಟ್‌ಬುಕ್ ಅಲ್ಲೇ ಬಿಟ್ಟು ಬಂದೆ. ಸ್ವಂತ ಅಕ್ಕನ ಮನೆಯಲ್ಲಿ ಬಿಟ್ಟ ವಸ್ತು ಕಳುವಾಗುತ್ತದೆ ಎಂದು ಯಾರಿಗೆ ಅನ್ನಿಸುತ್ತದೆ?

ಕದಿಯುವಾಗಲಾದರೂ ಆ ಎರಡನ್ನು ಕೂಡಿಸಿ ಒಂದು ಮಾಡಬಾರದಿತ್ತೇ? ಅಷ್ಟು ಅಸಡ್ಡೆ. ಕಾಲೇಜಿನ ಮೆಟ್ಟಿಲು ಹತ್ತದ ರಿಪೇರಿಯವಳ ಮಾತು ಯಾರು ನಂಬುತ್ತಾರೆ ಎಂದುಕೊಂಡೆಯೋ? ಹತ್ತು ವರ್ಷದವಳಿದ್ದಾಗ ಕೈ ಹಿಡಿದು ಬೆಸುಗೆ ಕಲಿಸಿದವಳು ನೀನೇ. ‘ಚಿಪ್ಪಿಗೆ ಸ್ವಂತ ಬುದ್ಧಿ ಇಲ್ಲ ಕಣೇ, ಹೊರಗಿನ ಎರಡು ರೆಸಿಸ್ಟರ್ ಎಷ್ಟು ಪಟ್ಟು ಅಂದ್ರೆ ಅಷ್ಟೇ ಪಟ್ಟು’ ಎಂದು ಹೇಳಿಕೊಟ್ಟವಳೂ ನೀನೇ. ಒಂದು ಮಾತು ಕೇಳಿದ್ದರೆ ಹೆಸರು ಹಾಕಿಕೋ ಎಂದು ಕೊಟ್ಟೇಬಿಡುತ್ತಿದ್ದೆ. ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ.

ಈಗ ಮುಖ್ಯ ಮಾತು. ಆ ಸರ್ಕ್ಯೂಟಿನಲ್ಲಿ ಒಂದು ತಪ್ಪಿದೆ, ಅದೂ ನನ್ನದೇ. ಅವತ್ತು ನಾವು ಮೈಕಿನ ಬದಲು, ಸ್ವಂತ ರೋಧ ಇಲ್ಲವೆನ್ನುವಷ್ಟು ಕಮ್ಮಿ ಇರುವ ಸಿಗ್ನಲ್ ಜನರೇಟರ್ ಜೋಡಿಸಿ ಪರೀಕ್ಷೆ ಮಾಡಿದೆವೇ ಹೊರತು ಮೈಕ್ ಜೋಡಿಸಿ ನೋಡಲೇ ಇಲ್ಲ. ಮೈಕಿಗೆ ತನ್ನದೇ ಒಂದು ಕಿಲೋ ರೋಧವಿದೆ. ಅದು ನಮ್ಮ ಒಂದು ಕಿಲೋಗೆ ಸೇರಿ ಎರಡಾಗುತ್ತದೆ, ನೂರು ಪಟ್ಟು ಐವತ್ತಕ್ಕೆ ಇಳಿಯುತ್ತದೆ. ಮೇಜಿನ ಮೇಲೆ ಎಲ್ಲ ಸರಿ, ಮಗುವಿನ ಎದೆಯ ಮೇಲೆ ಅರ್ಧ. ಚೆನ್ನಾಗಿ ಬಡಿಯುವ ಎದೆಯೂ ಸೋತಂತೆ ಕೇಳಿಸುತ್ತದೆ, ನಿಜಕ್ಕೂ ಸೋತದ್ದು ಕೇಳಿಸದೆಯೂ ಹೋಗಬಹುದು. ನನಗೆ ಇದು ನಿನ್ನೆ ಹೊಳೆಯಿತು.

ಮೈಕನ್ನು ನೇರವಾಗಿ ಚಿಪ್ಪಿನ ಪ್ಲಸ್ ಕಾಲಿಗೆ ಕೊಟ್ಟು, ಆ ಒಂದು ಕಿಲೋವನ್ನು ಮೈನಸ್ ಕಾಲಿನಿಂದ ಗ್ರೌಂಡಿಗೆ ಇಳಿಸಬೇಕು. ಆಗ ನೂರೊಂದು ಪಟ್ಟು ಬರುತ್ತದೆ, ಆ ಒಂದು ಹೆಚ್ಚಾದರೆ ಯಾರಿಗೂ ನಷ್ಟವಿಲ್ಲ. ಹೊಸ ಚಿತ್ರ ಜೊತೆಗಿದೆ. ಅಂಗಡಿಯಲ್ಲಿ ಈಗ ನೂರರದ್ದು ಬೇಕಾದಷ್ಟಿದೆ, ಆದರೂ ಎಂಬತ್ತೆರಡು, ಹದಿನೆಂಟನ್ನೇ ಬರೆದಿದ್ದೇನೆ. ಬರುವ ಸೋಮವಾರದೊಳಗೆ ಯಂತ್ರ ತಡೆದು ಸರಿ ಮಾಡಿಸು.

ಅಳಿಸಿ ಹಾಕಲು ಬಾರದ ಸಂಬಂಧವಾದ್ದರಿಂದ,
ನಿನ್ನ ತಂಗಿ

ತಾ.ಕ.: ನಿನ್ನೆ ಹೊಳೆಯಿತು ಎಂದದ್ದು ಸುಳ್ಳು. ಪತ್ರಿಕೆ ನೋಡಿದ ದಿನವೇ ಸಿಟ್ಟಿನಲ್ಲಿ ಮೈಕ್ ಜೋಡಿಸಿ ನೋಡಿದ್ದೆ. ಹನ್ನೆರಡು ದಿನದಿಂದ ಗೊತ್ತು. ಸೋಮವಾರ ಎಲ್ಲರೆದುರು ಯಂತ್ರ ಕೈಕೊಡಲಿ, ನಿನ್ನ ಮಾನ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಬೆಳಿಗ್ಗೆ ವಾರ್ಡಿನಲ್ಲಿ ನನ್ನ ಅಂಗೈಯಷ್ಟೂ ಅಗಲವಿಲ್ಲದ ಒಂದು ಎದೆ ಕಂಡೆ, ನಾಚಿಕೆಯಾಯಿತು. ಈ ಚಿತ್ರದ ಇನ್ನೊಂದು ಪ್ರತಿಯನ್ನು ಆಗಲೇ ಹಿರಿಯ ನರ್ಸ್ ಕೈಗೆ ಕೊಟ್ಟು, ಯಂತ್ರ ಬಂದರೂ ಮುಟ್ಟಬೇಡಿ ಎಂದು ಹೇಳಿ ಬಂದಿದ್ದೇನೆ. ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದೆ, ಹಳೆಯದನ್ನೂ ಸೇರಿಸಿ. ನೀನೇ ಹೇಳುತ್ತೀಯ ಎಂದು ಕಾಯುವಷ್ಟು ನಂಬಿಕೆ ನನ್ನಲ್ಲಿ ಉಳಿದಿರಲಿಲ್ಲ, ಅಕ್ಕಾ.