ಭಾವನ ಹುಕ್ಕಾ

ಮಾರ್ಚ್ 4

ಇವತ್ತೂ ಸುರಿದೆ. ಭಾವ ಸ್ನಾನಕ್ಕೆ ಹೋಗಿ, ಬಕೆಟ್ಟಿನ ಸದ್ದು ಶುರುವಾದ ಮೇಲೆ ಮೊಳೆಯಿಂದ ಕಾರಿನ ಕೀ ತೆಗೆದು, ಹಿತ್ತಲಿನ ಶೀಟಿನ ಕೆಳಗೆ ನಿಂತ ಕಾರಿಗೆ... ಎರಡು ಲೀಟರ್ ಪೆಟ್ರೋಲ್. ಆಲಿಕೆ ಜಾರಿ ಟ್ಯಾಂಕಿನ ಮುಚ್ಚಳದ ಪಕ್ಕ ಬಣ್ಣ ಕೆರೆಯಿತು. ಒರೆಸಿದೆ, ಹೋಗಲಿಲ್ಲ.

ತಿಂಡಿಗೆ ಕೂತಾಗ ಭಾವನ ಮುಖ ನೋಡಬೇಕಿತ್ತು. "ಲೋ, ಲೀಟರಿಗೆ ಮೂವತ್ತು ಕಿಲೋಮೀಟರ್ ದಾಟ್ತು ಕಣೋ! ಹದಿನಾಲ್ಕು ಕೊಟ್ರೆ ಹೆಚ್ಚು ಅನ್ನೋ ಡಬ್ಬಾ ಗಾಡಿ!" ಬಾಯಿತುಂಬ ತುರುಕಿಕೊಂಡು ತಲೆಯಾಡಿಸಿದೆ. ಇಲ್ಲದಿದ್ದರೆ ನಕ್ಕು ಕೆಡಿಸುತ್ತಿದ್ದೆ.

ಎಲ್ಲ ಬಾನೆಟ್ಟಿನೊಳಗೆ ಕಟ್ಟಿದ ಯಂತ್ರದ ಮಹಿಮೆಯಂತೆ. ಜಾಮ್ ಬಾಟಲಿ, ಅದರಲ್ಲಿ ನೀರು, ಹಿತ್ತಾಳೆ ಕೊಳವೆ. ಆವಿ ಎಂಜಿನ್ನಿಗೆ ಹೋಗಿ ಪೆಟ್ರೋಲ್ ಉಳಿಸುತ್ತದಂತೆ. ಯಾವುದೋ ವಿಡಿಯೋ ನೋಡಿ ಮಾಡಿದ್ದು. ಗುಳುಗುಳು ಅನ್ನುತ್ತದೆ — ಹುಕ್ಕಾ ಅಂತ ಹೆಸರಿಟ್ಟಿದ್ದೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು ಇಂಥವು ಎಷ್ಟು ನೋಡಿಲ್ಲ. ಇನ್ನೊಂದೆರಡು ದಿನ ಆಟ ಆಡಿಸಿ ಹೇಳಿಬಿಡಬೇಕು.

ಮಾರ್ಚ್ 9

ಇನ್ನೂ ಹೇಳಿಲ್ಲ. ಹೇಗೆ ಹೇಳಲಿ?

ಭಾವ ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಎರಡು ವರ್ಷದ ಹಿಂದೆ ಲಿಫ್ಟಿನ ಬಾಗಿಲಿಗೆ ಹೊಸ ಥರದ ಲಾಕಿನ ನಕ್ಷೆ ಬರೆದುಕೊಟ್ಟರು. ಮ್ಯಾನೇಜರ್ ಅದಕ್ಕೆ ತನ್ನ ಹೆಸರು ಹಾಕಿಕೊಂಡ. ಆವತ್ತಿನಿಂದ ಈ ಮನೆಯಲ್ಲಿ ಚಮಚ ತಟ್ಟೆಗೆ ತಾಗಿದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಹಡಿ ರೂಮಿನಲ್ಲಿರುವ ನನಗೇ ಉಸಿರು ಕಟ್ಟುತ್ತಿತ್ತು, ಅಕ್ಕ ಹೇಗೆ ತಡೆದುಕೊಂಡಳೋ. ಈಗ ಭಾವ ಜೋಕ್ ಹೊಡೆಯುತ್ತಾರೆ. ಅಕ್ಕ ಅಡುಗೆಮನೆಯಲ್ಲಿ ಗುನುಗುತ್ತಾಳೆ. ನನ್ನ ಸಂಬಳ ಟ್ಯಾಂಕಿಗೆ ಹೋಗುತ್ತಿದೆ... ಹೋಗಲಿ.

ಮಾರ್ಚ್ 15

ಸೇತುವೆಯಾಚೆಯ ಕನ್ನಡಕದಂಗಡಿಯವರು ಬಂದಿದ್ದರು. ಕನ್ನಡಕ ಬದಲಿಸಲು ಹೋದಾಗ ನಾನೇ ತಮಾಷೆಗೆ ಹುಕ್ಕಾ ವಿಷಯ ಹೇಳಿದ್ದೆ. ಸಾಧು ಮನುಷ್ಯ, ನಿಜ ಅಂತಲೇ ತಿಳಿದಿದ್ದಾರೆ. ಬಾನೆಟ್ಟಿಗೆ ಬಗ್ಗಿ ನೂರೆಂಟು ಪ್ರಶ್ನೆ ಕೇಳಿದರು. ಫೋಟೋ ತೆಗೆದರು. "ನನ್ನ ಗಾಡಿಗೂ ಒಂದು ಮಾಡಿಕೊಡ್ತೀರಾ?" ಅವರ ಕಾರಿನಲ್ಲಿ ಕೂತಿದ್ದ ಪುಟ್ಟ ಮಗಳು ಗಾಜಿಗೆ ಮೂಗು ಒತ್ತಿ ನನ್ನನ್ನು ಅಣಕಿಸಿದಳು. ನಾನೂ ಅಣಕಿಸಿದೆ.

ಅವರು ಹೋದ ಮೇಲೆ ಭಾವ ಗೇಟಿನ ಹತ್ತಿರವೇ ನಿಂತಿದ್ದರು. "ಇಷ್ಟೊಂದು ಕೇಳೋನು ಬರೀ ಕನ್ನಡಕ ಮಾರೋನೇನೋ?"

ಊಟಕ್ಕೆ ಕೂತಾಗ ಶುರುಮಾಡಿದರು. "ಲೀಟರಿಗೆ ನೂರು ಕೊಡೋ ಕಾರ್ಬೊರೇಟರ್ ಯಾವತ್ತೋ ಕಂಡುಹಿಡಿದಾಗಿದೆ. ಎಣ್ಣೆ ಕಂಪನಿಯೋರು ಕೊಂಡ್ಕೊಂಡು ಬೀಗ ಹಾಕಿಟ್ಟಿದಾರೆ. ಮಾರಲ್ಲ ಅಂದೋರು ಏನಾದ್ರು? ಹೇಳು ನೋಡೋಣ, ಏನಾದ್ರು?"

ಅಕ್ಕ ನನ್ನ ಮುಖ ನೋಡಿದಳು. ನಾನು ನೀರು ಕುಡಿದೆ.

ಮಾರ್ಚ್ 16

ಭಾವ ಕೆಲಸ ಬಿಟ್ಟರು. ಇನ್ನು ಹುಕ್ಕಾನೇ ಕೆಲಸವಂತೆ.

ಆದರೆ ಉಪಾಯ ಹೊಳೆದಿದೆ. ಸುರಿಯುವುದು ನಿಲ್ಲಿಸಿದರಾಯಿತು. ಮೈಲೇಜ್ ಇಳಿಯುತ್ತದೆ, ಯಂತ್ರ ಠುಸ್ ಅಂತ ಗೊತ್ತಾಗುತ್ತದೆ, ಮತ್ತೆ ಕೆಲಸ ಕೇಳಿಕೊಂಡು ಹೋಗುತ್ತಾರೆ. ಯಾರೂ ಏನೂ ಹೇಳಬೇಕಿಲ್ಲ.

ಮಾರ್ಚ್ 21

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೈಲೇಜ್ ಹದಿನಾಲ್ಕಕ್ಕೆ ಬಂತು. ಭಾವ ಯಂತ್ರವನ್ನು ಬೈಯಲಿಲ್ಲ. "ಯಾರೋ ಕೈ ಆಡಿಸಿದಾರೆ" ಅಂದರು. ಟಾರ್ಚ್ ಹಿಡಿದು ಕಾರನ್ನು ಇಂಚಿಂಚೂ ನೋಡಿದರು. ಸಿಕ್ಕಿತು — ಮುಚ್ಚಳದ ಪಕ್ಕದ ಗೀರು. ನನ್ನನ್ನು ಕರೆದು, ನನ್ನ ಬೆರಳನ್ನೇ ಹಿಡಿದು ಅದರ ಮೇಲಿಟ್ಟರು.

"ನೋಡು. ಮುಟ್ಟಿ ನೋಡು. ನನಗೆ ಭ್ರಮೆ ಅಂತೀಯಾ ಈಗ?"

ಇಲ್ಲ ಭಾವ ಅಂದೆ. ಮತ್ತೇನನ್ನಲಿ.

ಮಾರ್ಚ್ 27

ಭಾವನದು ಈಗ ಕಾರಿನೊಳಗೇ ವಾಸ. ಊಟವೂ ಅಲ್ಲೇ. ತೊಡೆಯ ಮೇಲೆ ವೀಲ್ ಸ್ಪ್ಯಾನರ್. ಬಂಕಿನವರೂ ಎಣ್ಣೆ ಕಂಪನಿಯ ಕಡೆಯವರೇ ಅಂತ ಪೆಟ್ರೋಲ್ ಹಾಕಿಸುವುದನ್ನೂ ಬಿಟ್ಟಿದ್ದಾರೆ. ಇವತ್ತು ಮೀಟರ್ ರೀಡಿಂಗಿಗೆ ಬಂದವನ ಕಾಲರ್ ಹಿಡಿದರು. ಬಿಡಿಸಲು ನಾನೂ ಅಕ್ಕನೂ ಇಬ್ಬರೂ ಬೇಕಾಯಿತು. ಒಂದು ಗಳಿಗೆ ತಡವಾಗಿದ್ದರೆ ಆ ಸ್ಪ್ಯಾನರ್ ಅವನ ತಲೆಯ ಮೇಲಿರುತ್ತಿತ್ತು.

ಭಯವಾಗುತ್ತಿದೆ. ನಾಳೆ ಹೇಳಿಬಿಡುತ್ತೇನೆ.

ಮಾರ್ಚ್ 29

ಹೇಳಿದೆ. ಕ್ಯಾನು, ಆಲಿಕೆ, ಬಕೆಟ್ಟಿನ ಸದ್ದು — ಒಂದೂ ಬಿಡದೆ. ಕಾಲಿಗೆ ಬೀಳಲೂ ತಯಾರಿದ್ದೆ.

ಪೂರ್ತಿ ಕೇಳಿಸಿಕೊಂಡರು. ಕೂಗಲಿಲ್ಲ. ಬಹಳ ಮೆತ್ತಗೆ ಕೇಳಿದರು:

"ಎಷ್ಟು ಕೊಟ್ರು ನಿಮಗೆ?"

ನಿಮಗೆ! ಅಕ್ಕನ ಮದುವೆಯಾದಾಗಿನಿಂದ ಲೋ, ಬಾರೋ ಬಿಟ್ಟು ಬೇರೆ ಮಾತಿಲ್ಲ. ಎರಡು ಬಿಗಿದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 30

ಅಕ್ಕ ಮಹಡಿಗೆ ಬಂದಳು. ಬಾಗಿಲು ಹಾಕಿದಳು.

"ನೀನು ಸುರಿಯೋದನ್ನ ಮೊದಲ ದಿನಾನೇ ಕಿಟಕಿಯಿಂದ ನೋಡಿದ್ದೆ."

ತಟ್ಟನೆ ಎದ್ದು ಕೂತೆ.

"ಅವರು ನಗ್ತಿದ್ರು ಕಣೋ. ಅದಕ್ಕೇ ಸುಮ್ಮನಿದ್ದೆ." ಮಂಚದ ತುದಿಯಲ್ಲಿ ಕೂತು ಕೈ ಹಿಸುಕಿಕೊಂಡಳು. "ಒಪ್ಕೊಂಡುಬಿಡು. ದುಡ್ಡು ತಗೊಂಡು ಯಂತ್ರ ಕೆಡಿಸಿದೆ ಅನ್ನು. ಯಂತ್ರಾನೇ ಸುಳ್ಳು ಅಂತ ಮಾತ್ರ ಅನ್ನಬೇಡ. ಅದೂ ಹೋದ್ರೆ ಅವರು ನನಗೆ ಉಳಿಯಲ್ಲ."

ಅಕ್ಕ ನನ್ನ ಮುಂದೆ ಅತ್ತದ್ದು ಅಮ್ಮ ಹೋದಾಗ ಬಿಟ್ಟರೆ ಇವತ್ತೇ.

ಮಾರ್ಚ್ 31

ಅಂದೆ. ತಗೊಂಡೆ ಭಾವ, ಆಸೆಗೆ ಬಿದ್ದೆ ಅಂದೆ.

ತಬ್ಬಿಕೊಂಡು ಗೊಳೋ ಅಂತ ಅತ್ತರು. "ನಿನ್ನ ತಪ್ಪಲ್ಲ ಬಿಡೋ. ಅವರು ಎಂಥೆಂಥೋರನ್ನೋ ಕೊಂಡಿದಾರೆ." ನೀನು ಅಂದರು! ನಾಚಿಕೆಗೆಟ್ಟ ನನ್ನ ಎದೆ ಹಗುರಾಯಿತು.

ತಬ್ಬಿದ ಕೈ ಬಿಡಲಿಲ್ಲ. "ಯಾರು ಬಂದು ಕೊಟ್ಟಿದ್ದು?"

ಗೊತ್ತಿಲ್ಲ ಅಂದೆ. ಹೆಗಲ ಮೇಲಿನ ಬೆರಳು ಬಿಗಿಯಾಯಿತು. "ದುಡ್ಡು ಕೊಟ್ಟ ಕೈಗೆ ಮುಖ ಇರಲ್ವೇನೋ?"

ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಹೇಳಿದೆ. ಕನ್ನಡಕದಂಗಡಿಯವರು.

ಮೊದಲೇ ಗೊತ್ತಿತ್ತು ಅನ್ನುವ ಹಾಗೆ ತಲೆಯಾಡಿಸಿದರು. ಎಷ್ಟೋ ದಿನದ ಮೇಲೆ ಮನೆಯೊಳಗೆ ಬಂದು ಉಂಡರು. ಎರಡು ಸಲ ಹಾಕಿಸಿಕೊಂಡರು. ಅಕ್ಕನ ಕಣ್ಣಲ್ಲಿ ಎಷ್ಟು ಸಮಾಧಾನ...

ಏಪ್ರಿಲ್ 2, ಬೆಳಿಗ್ಗೆ

ಕಾರಿಲ್ಲ. ಸ್ಪ್ಯಾನರೂ ಇಲ್ಲ.

ಹೆದರಬೇಡ ಅಂದೆ ಅಕ್ಕನಿಗೆ. ನಿನ್ನೆ ಕಣ್ಣಾರೆ ನೋಡಿದ್ದೇನೆ, ಪೆಟ್ರೋಲಿನ ಮುಳ್ಳು ಸೊನ್ನೆಯಲ್ಲಿತ್ತು. ಸೇತುವೆಯವರೆಗೂ ಹೋಗುವುದಿಲ್ಲ ಗಾಡಿ. ರಸ್ತೆ ಬದಿಯಲ್ಲಿ ನಿಂತಿರುತ್ತಾರೆ, ಹೋಗಿ ಕರೆದುಕೊಂಡು ಬರುತ್ತೇನೆ ಅಂದೆ. ನಕ್ಕೆ ಕೂಡ.

ಅಕ್ಕ ನಗಲಿಲ್ಲ. ಕೈ ಮೂಸಿ ನೋಡಿಕೊಂಡಳು.

"ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಾನೇ ಸುರಿದೆ ಕಣೋ. ನಿನ್ನ ಕ್ಯಾನಲ್ಲಿ ಉಳಿದಿದ್ದೆಲ್ಲ. ಇನ್ನೊಂದು ಸಲ ಮೂವತ್ತು ಬರಲಿ ಅಂತ..."

ಕನ್ನಡಕದ ಡಬ್ಬಿಯ ಮೇಲೆ ಅಂಗಡಿಯವರ ನಂಬರ್ ಇತ್ತು. ಮಾಡಿದೆ. ಮಗಳು ಎತ್ತಿದಳು. "ಅಪ್ಪ ಕೆಳಗೆ ಅಂಗಡೀಲಿದಾರೆ. ಯಾರೋ ಬಂದಿದಾರೆ, ಜೋರಾಗಿ ಮಾತಾಡ್ತಿದಾರೆ. ಕರೀಲಾ ಅಂಕಲ್?"

ಬೇಗ ಕರಿ ಪುಟ್ಟಾ, ಓಡು ಅಂದೆ.

ಫೋನ್ ಮೇಜಿನ ಮೇಲೆ ಇಟ್ಟು ಹೋಗಿದ್ದಾಳೆ. ಕಿವಿಗೊಟ್ಟು ಕೂತಿದ್ದೇನೆ, ಕೈ ಸುಮ್ಮನಿರಲಾರದೆ ಬರೆಯುತ್ತಿದೆ. ಮೆಟ್ಟಿಲಿಳಿಯುವ ಸದ್ದು... ಚಪ್ಪಲಿ ಪಟಪಟ... ಅಯ್ಯೋ, ಅವಳನ್ನು ಯಾಕೆ ಕೆಳಗೆ