ಹಳದಿಯಾದ ಬಿಳಿ ಹಿಡಿಕೆ

ಬುಧವಾರ, ಖಂಡೇನವಮಿ

ಇನ್ನೊಬ್ಬರ ದಿನಚರಿ ಕದ್ದು ಓದಲು ನಾಚಿಕೆ ಬೇಡವೇ? ಮೊಮ್ಮಗಳೇ, ಸೋನಾಲಿ, ನೀನೇ ಎಂದು ಗೊತ್ತು. ಹೋದ ವಾರದ ಹಾಳೆಗೆ ಚುರುಮುರಿಯ ಎಣ್ಣೆ ಹತ್ತಿದೆ.

ತಿಂಗಳ ಕೊನೆಗೆ ನನ್ನನ್ನು ಇಲ್ಲೇ ಬಿಟ್ಟು ವಿಮಾನ ನಗರ ಬಡಾವಣೆಯ ಹೊಸ ಮನೆಗೆ ಹೋಗುವಾಗ ಗೋಡೆಯ ಮೇಲೆ ನೀನು ಶೋಕಿಗೆ ತೂಗುಹಾಕಿದ ಜಪಾನಿ ಕತ್ತಿಗಳನ್ನೆಲ್ಲ ಒಯ್ಯುತ್ತೀಯಂತೆ. ಬೆಳಗಿನಿಂದ ಅದೇ ಕೊರೆಯುತ್ತಿದೆ. ಅವು ಬಂದಾಗ ಬೈದವಳೂ ನಾನೇ. ಬದನೆಕಾಯಿಯನ್ನೂ ಹೆಚ್ಚದ ಮೊಂಡ ಕತ್ತಿಗಳು. ಆದರೆ ನೂಲು ಹೆಣೆದ ಆ ಹಿಡಿಕೆಗಳು, ಕೆಂಪು, ನವಿಲುಬಣ್ಣ, ಬಿಳಿ, ಇಳಕಲ್ ಸೀರೆ ಹರವಿಟ್ಟ ಹಾಗೆ ಕಾಣುತ್ತವೆ.

ಇವತ್ತು ಆಯುಧಪೂಜೆ ಎಂದು ಈಳಿಗೆಯ ಜೊತೆ ಅವನ್ನೂ ತೊಳೆದು ಅರಿಶಿಣ, ಕುಂಕುಮ ಹಚ್ಚಿದೆ. ಬಿಳಿ ಹಿಡಿಕೆ ಹಳದಿಯಾಯಿತು.

ಆಫೀಸಿನಿಂದ ಬಂದವಳೇ ನೀನು, "ಅಜ್ಜಿ, ಇವಕ್ಕ ನೀರು ತಾಗಸಬ್ಯಾಡ ಅಂತ ಎಷ್ಟ ಸಲ ಹೇಳೀನಿ? ಜಂಗ ಹಿಡೀತಾವ" ಎಂದೆ.

"ಮೈ ತೊಳೀದ ಪೂಜಿ ಮಾಡಿದ್ರ ದೇವರು ಒಪ್ಪತಾನೇನ?"

"ಆತು ಬಿಡು. ಒಣಾ ಅರಿವಿ ತಗೊಂಡ ಬಾ."

ಇಬ್ಬರೂ ಕೂತು ಒರೆಸಿದೆವು. ಅಲಗಿಗೆ ತೆಳ್ಳಗೆ ಎಣ್ಣೆ ಸವರುವುದನ್ನು ನೀನು ನನಗೆ ಕಲಿಸಿದೆ. "ತಲಿಗೆ ಹಚ್ಚಿದಂಗ ಸುರೀಬ್ಯಾಡ" ಎಂದು ನಕ್ಕೆ. ಅದರಲ್ಲೇ ನನ್ನ ಹಬ್ಬವಾಯಿತು. ಒಂದನ್ನು ಇಲ್ಲೇ ಬಿಡು ಎಂದು ಆಗಲೇ ಕೇಳಬೇಕಿತ್ತು, ಬಾಯಿ ಬರಲಿಲ್ಲ. ಬೈಯುವುದಷ್ಟೇ ರೂಢಿ.

ನಿದ್ದೆಗೆ ಕಣ್ಣು ಎಳೆಯುತ್ತಿದೆ. ಆ ಹಳದಿಯಾದದ್ದನ್ನು ನನಗೆ ಬಿಟ್ಟು ಹೋಗು. ಸರಿಯಾಗಿ ಒರೆಸಿದ್ದೇನೋ ಇಲ್ಲವೋ ಎಂದು ತಪ್ಪು ಹುಡುಕಲಿಕ್ಕಾದರೂ ಬರುತ್ತಿರುತ್ತೀ. ಏನಂತೀ, ಇದೇ ಹಾಳೆಯ ಕೆಳಗೆ ಬರೆ, ಮುಂದಿನ ತಿಂಗಳು ಹುಟ್ಟುವುದರೊಳಗೆ.